ಶಾರ್ಟ್ ಸೇಲ್‌ನಲ್ಲಿ ಸಾಲದಾತರೊಂದಿಗೂ ಅಡಮಾನ ವಿಮಾ ಕಂಪನಿಯೊಂದಿಗೂ ಮಾತುಕತೆ: ಅಮೆರಿಕದಲ್ಲಿ ಮನೆ ಇರುವ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಲ ಮಾಡಿ ಕೊಂಡ ಮನೆಯ ಬೆಲೆ ಸಾಲದ ಬಾಕಿಗಿಂತ ಕೆಳಗೆ ಇಳಿದು, ಅದೇ ಹೊತ್ತಿಗೆ ಕೆಲಸವೋ ಆರೋಗ್ಯವೋ ದಾಂಪತ್ಯವೋ ಕೈಕೊಟ್ಟಾಗ ಅಮೆರಿಕದಲ್ಲಿ ಉಳಿಯುವ ಕೆಲವೇ ದಾರಿಗಳಲ್ಲಿ ಶಾರ್ಟ್ ಸೇಲ್ ಒಂದು. ಇಲ್ಲಿನ ಉತ್ತರಗಳು ಅಮೆರಿಕದ ಕಾನೂನು ಮತ್ತು ರೂಢಿಯನ್ನು ಕುರಿತವು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುವುದರಿಂದ ಸಹಿ ಹಾಕುವ ಮುನ್ನ ನಿಮ್ಮ ರಾಜ್ಯದ ವಕೀಲರೊಬ್ಬರಿಗೆ ಕಾಗದಗಳನ್ನು ತೋರಿಸುವುದು ಅಗತ್ಯ.

ಶಾರ್ಟ್ ಸೇಲ್ ಎಂದರೆ ನಿಖರವಾಗಿ ಏನು?

ಸಾಲದ ಬಾಕಿಗಿಂತ ಕಡಿಮೆ ಬೆಲೆಗೆ ಮನೆಯನ್ನು ಮಾರಿ, ಬಂದಷ್ಟು ಹಣವನ್ನು ಪಡೆದು ಸಾಲದಾತರು ಮನೆಯ ಮೇಲಿನ ತಮ್ಮ ಹಕ್ಕನ್ನು ಬಿಟ್ಟುಕೊಡುವುದಕ್ಕೆ ಶಾರ್ಟ್ ಸೇಲ್ ಎನ್ನುತ್ತಾರೆ. ಮಾರುವವರು ನೀವೇ, ಕರಾರಿಗೆ ಸಹಿ ಹಾಕುವವರೂ ನೀವೇ. ಆದರೆ ಬೆಲೆಯನ್ನು ಒಪ್ಪುವ ಕೊನೆಯ ಅಧಿಕಾರ ಸಾಲದಾತರದ್ದು. ಒಂದು ಮಾತನ್ನು ಇಲ್ಲೇ ಗಮನಿಸಿ: ಮನೆಯ ಮೇಲಿನ ಹಕ್ಕನ್ನು ಬಿಡುವುದು ಬೇರೆ, ಉಳಿದ ಸಾಲವನ್ನು ಮನ್ನಾ ಮಾಡುವುದು ಬೇರೆ. ಮೊದಲನೆಯದು ಆದರೆ ಎರಡನೆಯದೂ ತಾನಾಗಿ ಆಯಿತೆಂದು ನಂಬಿದವರೇ ಮುಂದೆ ಹೆಚ್ಚು ತೊಂದರೆಗೆ ಸಿಲುಕುತ್ತಾರೆ.

ನಾನು ಫೋನಿನಲ್ಲಿ ಮಾತನಾಡುತ್ತಿರುವುದು ನನ್ನ ಸಾಲದಾತರ ಜೊತೆಯೇ ಅಲ್ಲವೇ?

ಬಹುಪಾಲು ಸಂದರ್ಭಗಳಲ್ಲಿ ಅಲ್ಲ. ಪ್ರತಿ ತಿಂಗಳು ನಿಮ್ಮಿಂದ ಕಂತು ವಸೂಲು ಮಾಡುವ ಸಂಸ್ಥೆಯನ್ನು ಸರ್ವೀಸರ್ ಎನ್ನುತ್ತಾರೆ. ಅದು ಲೆಕ್ಕ ಬರೆಯುವ ಗುಮಾಸ್ತನಿದ್ದಂತೆ. ಸಾಲದ ನಿಜವಾದ ಒಡೆತನ, ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಅಥವಾ ಫ್ರೆಡಿ ಮ್ಯಾಕ್ ಸಂಸ್ಥೆಯ ಬಳಿ ಇರಬಹುದು, ಸಾವಿರಾರು ಸಾಲಗಳನ್ನು ಒಟ್ಟುಗೂಡಿಸಿ ಮಾರಿದ ಬಾಂಡುಗಳ ಟ್ರಸ್ಟ್ ಒಂದರ ಬಳಿ ಇರಬಹುದು, ಅಪರೂಪಕ್ಕೆ ಬ್ಯಾಂಕಿನ ಬಳಿಯೇ ಇರಬಹುದು. ಈ ಒಡೆಯನನ್ನು ಈ ವಲಯದಲ್ಲಿ ಇನ್ವೆಸ್ಟರ್ ಎಂದು ಕರೆಯುತ್ತಾರೆ. ಇವರಿಬ್ಬರ ಹಿಂದೆ, ನೀವು ಮನೆ ಕೊಳ್ಳುವಾಗ ಶೇ. 20ಕ್ಕಿಂತ ಕಡಿಮೆ ಮುಂಗಡ ಕೊಟ್ಟಿದ್ದರೆ, ಅಡಮಾನ ವಿಮಾ ಕಂಪನಿಯೊಂದು ನಿಂತಿರುತ್ತದೆ.

ಮಾತುಕತೆಗೆ ಕೂರುವ ಮುನ್ನ ಈ ಮೂವರ ಹೆಸರೂ ನಿಮ್ಮ ಕೈಯಲ್ಲಿರಬೇಕು. ಫ್ಯಾನಿ ಮೇ ಮತ್ತು ಫ್ರೆಡಿ ಮ್ಯಾಕ್ ತಮ್ಮ ಜಾಲತಾಣಗಳಲ್ಲಿ ಸಾಲ ತಮ್ಮದೇ ಅಲ್ಲವೇ ಎಂದು ಹುಡುಕಿ ನೋಡುವ ಸೌಲಭ್ಯ ಕೊಟ್ಟಿವೆ. ಅಲ್ಲಿ ಸಿಗದಿದ್ದರೆ ಸಾಲದ ಒಡೆಯರು ಯಾರೆಂದು ಸರ್ವೀಸರ್‌ಗೆ ಲಿಖಿತವಾಗಿ ಕೇಳಿ. ಉತ್ತರ ಕೊಡುವುದು ಅವರಿಗೆ ಕಾನೂನಿನ ಕರ್ತವ್ಯ.

ಅಡಮಾನ ವಿಮೆಯ ಕಂತನ್ನು ವರ್ಷಗಟ್ಟಲೆ ಕಟ್ಟಿದವನು ನಾನು. ಈಗ ಆ ವಿಮೆ ನನ್ನ ಸಾಲವನ್ನು ತೀರಿಸುವುದಿಲ್ಲವೇ?

ಇಲ್ಲ. ಕಂತು ನಿಮ್ಮದು, ರಕ್ಷಣೆ ಸಾಲದಾತರದ್ದು. ನೀವು ಸಾಲ ತೀರಿಸದೆ ಹೋದರೆ ಸಾಲದಾತರಿಗಾಗುವ ನಷ್ಟದ ಒಂದು ಭಾಗವನ್ನು ತುಂಬಿಕೊಡುವುದಷ್ಟೇ ಈ ವಿಮೆಯ ಕೆಲಸ. ಸಾಲಗಾರ ತೀರಿಕೊಂಡಾಗ ಕುಟುಂಬದ ನೆರವಿಗೆ ಬರುವ ಜೀವವಿಮೆಯೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬಾರದು.

ಇದಕ್ಕಿಂತ ಕಹಿಯಾದ ಸಂಗತಿ ಇನ್ನೊಂದಿದೆ. ವಿಮಾ ಕಂಪನಿ ಸಾಲದಾತರಿಗೆ ಹಣ ಕೊಟ್ಟಿತೆಂದ ಮಾತ್ರಕ್ಕೆ ನಿಮ್ಮ ಋಣ ಆ ಮಟ್ಟಿಗೆ ಕರಗುವುದಿಲ್ಲ. ಬದಲಿಗೆ, ಹಣ ಕೊಟ್ಟ ವಿಮಾ ಕಂಪನಿ ಸಾಲದಾತರ ಸ್ಥಾನದಲ್ಲಿ ನಿಂತು, ರಾಜ್ಯದ ಕಾನೂನು ಅವಕಾಶ ಕೊಡುವಲ್ಲಿ, ಆ ಹಣವನ್ನು ನಿಮ್ಮಿಂದ ವಸೂಲು ಮಾಡಲು ಮುಂದಾಗಬಹುದು. ಆದ್ದರಿಂದಲೇ ಸಾಲದಾತರ ಮನ್ನಾ ಪತ್ರದಲ್ಲಿ ವಿಮಾ ಕಂಪನಿಯ ಮಾತೂ ಬರಬೇಕೆಂದು ಕೆಳಗೆ ಒತ್ತಿ ಹೇಳಲಾಗಿದೆ.

ನನ್ನ ಸಾಲಕ್ಕೆ ವಿಮೆ ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ತಿಂಗಳ ಲೆಕ್ಕಪತ್ರದಲ್ಲಿ ಪಿಎಂಐ (ಖಾಸಗಿ ಅಡಮಾನ ವಿಮೆ) ಎಂಬ ಸಾಲು ಇದ್ದರೆ ಸ್ಪಷ್ಟವಾಯಿತು. ಇಲ್ಲದಿದ್ದರೆ ವಿಮೆ ಇಲ್ಲವೆಂದು ತೀರ್ಮಾನಿಸಬೇಡಿ. ಕೆಲವು ಸಾಲಗಳಲ್ಲಿ ವಿಮೆಯ ಕಂತನ್ನು ಸಾಲದಾತರೇ ಕಟ್ಟಿ, ಅದರ ಬದಲಿಗೆ ನಿಮ್ಮ ಬಡ್ಡಿದರವನ್ನು ಸ್ವಲ್ಪ ಏರಿಸಿರುತ್ತಾರೆ. ಅಂಥ ವಿಮೆ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನು ಕೆಲವೆಡೆ ಸಾಲಗಳ ಇಡೀ ಗುಂಪಿಗೆ ಒಟ್ಟಾಗಿ ವಿಮೆ ಮಾಡಿಸಿರುತ್ತಾರೆ. ಹಿಂದೆ ವಿಮೆ ಇದ್ದು ನಂತರ ರದ್ದಾಗಿರುವುದೂ ಉಂಟು: 1998ರ ಮನೆಮಾಲೀಕರ ರಕ್ಷಣಾ ಕಾಯ್ದೆಯ ಪ್ರಕಾರ, ಸಾಲದ ಬಾಕಿ ಮನೆಯ ಮೂಲ ಬೆಲೆಯ ಶೇ. 80ಕ್ಕೆ ಇಳಿದಾಗ ರದ್ದತಿಯನ್ನು ಕೇಳಬಹುದು, ಕಂತುಗಳು ಸರಿಯಾಗಿದ್ದರೆ ಶೇ. 78ಕ್ಕೆ ಇಳಿದಾಗ ಅದು ತಾನಾಗಿಯೇ ನಿಲ್ಲಬೇಕು.

ಸರ್ವೀಸರ್‌ಗೆ ಹೀಗೆ ಕೇಳಿ: ಈ ಸಾಲದ ಮೇಲೆ ಯಾವುದೇ ರೂಪದ ಅಡಮಾನ ವಿಮೆ ಇದೆಯೇ, ಇದ್ದರೆ ಕಂಪನಿ ಯಾವುದು, ರಕ್ಷಣೆ ಶೇಕಡಾ ಎಷ್ಟು, ಶಾರ್ಟ್ ಸೇಲ್ ಒಪ್ಪುವ ಅಧಿಕಾರವನ್ನು ಆ ಕಂಪನಿ ನಿಮಗೆ ಮೊದಲೇ ಒಪ್ಪಿಸಿದೆಯೇ. ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ನಿಮ್ಮ ಕೆಲಸ ಅರ್ಧ ಹಗುರಾಯಿತು.

ಬ್ಯಾಂಕ್ ಒಪ್ಪಿದೆ ಎನ್ನುತ್ತಾರೆ, ಆದರೆ ವಿಮಾ ಕಂಪನಿ ತಡೆಹಿಡಿದಿದೆ. ಅದಕ್ಕೆ ಇದರಲ್ಲಿ ಏನು ಲಾಭ?

ಈ ಪುಟದ ಮುಖ್ಯ ಪ್ರಶ್ನೆ ಇದೇ. ಮೇಜಿನ ಆಚೆ ಬದಿಯಲ್ಲಿ ಕುಳಿತಿರುವವರನ್ನು ನಾವು ಬ್ಯಾಂಕ್ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ವಾಸ್ತವದಲ್ಲಿ ನಷ್ಟ ಯಾರ ಜೇಬಿನಿಂದ ಹೋಗುತ್ತದೆ ಎಂಬುದು ಬೆಲೆಗೆ ತಕ್ಕಂತೆ ಬದಲಾಗುತ್ತದೆ, ಜೇಬು ಬದಲಾದಂತೆ ಹಟ ಹಿಡಿಯುವವರೂ ಬದಲಾಗುತ್ತಾರೆ. ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ.

ಅಸಲಿನ ಬಾಕಿ 4 ಲಕ್ಷ ಡಾಲರ್, ಕಟ್ಟದೆ ಉಳಿದ ಬಡ್ಡಿ, ತೆರಿಗೆ, ವಕೀಲರ ಖರ್ಚು ಸೇರಿ 20 ಸಾವಿರ ಎಂದಿಟ್ಟುಕೊಳ್ಳಿ. ಸಾಲದಾತರ ಕ್ಲೇಮ್ 4 ಲಕ್ಷ 20 ಸಾವಿರ. ವಿಮೆಯ ರಕ್ಷಣೆ ಶೇ. 25 ಆಗಿದ್ದರೆ ವಿಮಾ ಕಂಪನಿ ಕೊಡಬೇಕಾದ ಗರಿಷ್ಠ ಮೊತ್ತ 1 ಲಕ್ಷ 5 ಸಾವಿರ. ಮನೆ ಮಾರಾಟವಾದಾಗ ಸಾಮಾನ್ಯವಾಗಿ ವಿಮಾ ಕಂಪನಿ ಈ ಗರಿಷ್ಠ ಮೊತ್ತ, ನಿಜವಾಗಿ ಆದ ನಷ್ಟ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡುತ್ತದೆ.

ಮೊದಲ ಸನ್ನಿವೇಶದಲ್ಲಿ, ಕಮಿಷನ್ ಮತ್ತಿತರ ಖರ್ಚು ಕಳೆದು ಕೊಳ್ಳುವವರಿಂದ 3 ಲಕ್ಷ 30 ಸಾವಿರ ಕೈಗೆ ಬರುತ್ತದೆ. ನಷ್ಟ 90 ಸಾವಿರ. ಅಷ್ಟನ್ನೂ ವಿಮಾ ಕಂಪನಿಯೇ ತುಂಬುತ್ತದೆ. ಸಾಲದ ಒಡೆಯರಿಗೆ ಒಂದು ಡಾಲರ್ ನಷ್ಟವೂ ಇಲ್ಲ, ಆದ್ದರಿಂದ ಅವರಿಗೆ ಅವಸರವೂ ಇಲ್ಲ. ಆದರೆ ಫೋರ್‌ಕ್ಲೋಷರ್ (ಸಾಲದಾತರು ಮನೆಯನ್ನು ಹರಾಜಿಗೆ ಹಾಕಿ ವಸೂಲು ಮಾಡುವುದು) ಆದರೆ 1 ಲಕ್ಷ 5 ಸಾವಿರ ಅಥವಾ ಇನ್ನೂ ಹೆಚ್ಚು ಕೊಡಬೇಕಾಗುವ ವಿಮಾ ಕಂಪನಿಗೆ ಈ ಮಾರಾಟದಿಂದ ಕನಿಷ್ಠ 15 ಸಾವಿರ ಉಳಿಯುತ್ತದೆ. ಇಲ್ಲಿ ನಿಮ್ಮ ಮಿತ್ರ ವಿಮಾ ಕಂಪನಿ.

ಎರಡನೆಯ ಸನ್ನಿವೇಶದಲ್ಲಿ ಕೈಗೆ ಬರುವುದು 2 ಲಕ್ಷ 90 ಸಾವಿರ. ನಷ್ಟ 1 ಲಕ್ಷ 30 ಸಾವಿರ. ವಿಮಾ ಕಂಪನಿ 1 ಲಕ್ಷ 5 ಸಾವಿರ ಕೊಟ್ಟು ಕೈ ತೊಳೆದುಕೊಳ್ಳುತ್ತದೆ, ಉಳಿದ 25 ಸಾವಿರ ಸಾಲದ ಒಡೆಯರ ತಲೆಗೆ. ಫೋರ್‌ಕ್ಲೋಷರ್‌ಗೆ ಬಿಟ್ಟರೆ ಮನೆ ಪಾಳು ಬಿದ್ದು 2 ಲಕ್ಷ 50 ಸಾವಿರವಷ್ಟೇ ಬಂದೀತು ಎಂದುಕೊಂಡರೆ ಒಡೆಯರ ನಷ್ಟ 65 ಸಾವಿರಕ್ಕೆ ಏರುತ್ತದೆ, ಆದರೆ ವಿಮಾ ಕಂಪನಿಯ ಭಾರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಬೆಳೆಯುವ ಬಡ್ಡಿಯ ಕಾಲುಭಾಗವನ್ನು ಬಿಟ್ಟರೆ ಅದಕ್ಕೆ ಮಾರಾಟವಾದರೂ ಒಂದೇ, ಆಗದಿದ್ದರೂ ಒಂದೇ. ಒಪ್ಪಿಗೆ ಕೊಡಲು ಕಾರಣವಿಲ್ಲದವರು ಒಪ್ಪಿಗೆಗೆ ಬೆಲೆ ಕೇಳುತ್ತಾರೆ; ನಿಮ್ಮಿಂದ ಹಣ ಕೊಡಿಸಿ ಎಂಬ ಬೇಡಿಕೆ ಹುಟ್ಟುವುದು ಹೆಚ್ಚಾಗಿ ಇಲ್ಲಿಂದ.

ಸರ್ವೀಸರ್ ವಿಮಾ ಕಂಪನಿಯನ್ನು ಬದಿಗಿಟ್ಟು ಮಾರಾಟಕ್ಕೆ ಏಕೆ ಒಪ್ಪುವುದಿಲ್ಲವೆಂದರೆ, ಪಾಲಿಸಿಯ ಷರತ್ತಿನ ಪ್ರಕಾರ ಮುಂಚಿತ ಒಪ್ಪಿಗೆಯಿಲ್ಲದೆ ಮಾರಿದರೆ ಕ್ಲೇಮೇ ತಿರಸ್ಕೃತವಾಗಬಹುದು. ಆ ಅಪಾಯವನ್ನು ಯಾವ ಸರ್ವೀಸರ್ ಕೂಡ ನಿಮಗಾಗಿ ಮೈಮೇಲೆ ಎಳೆದುಕೊಳ್ಳುವುದಿಲ್ಲ. 2008ರ ನಂತರದ ವರ್ಷಗಳಲ್ಲಿ ವಿಮಾ ಕಂಪನಿಗಳು ತೋರಿದ ಬಿಗಿತಕ್ಕೆ ಅವುಗಳದ್ದೇ ಸಂಕಟವೂ ಕಾರಣವಾಗಿತ್ತು: ಟ್ರಯಡ್ ಗ್ಯಾರಂಟಿ 2008ರಲ್ಲೇ ಹೊಸ ವಿಮೆ ಬರೆಯುವುದನ್ನು ನಿಲ್ಲಿಸಿತು, ಪಿಎಂಐ ಎಂಬ ಹೆಸರಿನದೇ ಆದ ಕಂಪನಿಯನ್ನು 2011ರ ಅಕ್ಟೋಬರ್‌ನಲ್ಲಿ ಅರಿಜೋನಾ ರಾಜ್ಯದ ನಿಯಂತ್ರಕರು ವಶಕ್ಕೆ ತೆಗೆದುಕೊಂಡು, ಕ್ಲೇಮುಗಳಿಗೆ ಅರ್ಧದಷ್ಟನ್ನು ಮಾತ್ರ ನಗದಾಗಿ ಕೊಡಿಸತೊಡಗಿದರು.

ವಿಮಾ ಕಂಪನಿ ನನ್ನಿಂದ ನಗದು ಅಥವಾ ಪ್ರಾಮಿಸರಿ ನೋಟ್ ಕೇಳುತ್ತಿದೆ. ಕೊಡಲೇಬೇಕೇ?

ಮೊದಲು ನಿಮ್ಮ ರಾಜ್ಯದ ಕಾನೂನನ್ನು ನೋಡಿ. ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ವಾಸದ ಘಟಕಗಳವರೆಗಿನ ಮನೆಗಳ ಶಾರ್ಟ್ ಸೇಲ್‌ಗೆ ಲಿಖಿತ ಒಪ್ಪಿಗೆ ಕೊಟ್ಟ ಸಾಲದಾತರು ಉಳಿದ ಬಾಕಿಗಾಗಿ ಸಾಲಗಾರರ ಬೆನ್ನು ಹತ್ತುವಂತಿಲ್ಲ. ಮಾರಾಟದ ಹಣದ ಹೊರತಾಗಿ ಒಪ್ಪಿಗೆಗೆ ಪ್ರತಿಯಾಗಿ ಏನನ್ನೂ ಸಾಲಗಾರರಿಂದ ಕೇಳುವಂತಿಲ್ಲ. 2011ರ ಜನವರಿಯಲ್ಲಿ ಮೊದಲ ಸಾಲಗಳಿಗೆ ಅನ್ವಯವಾದ ಈ ರಕ್ಷಣೆ ಅದೇ ವರ್ಷದ ಜುಲೈ 15ರಿಂದ ಅದೇ ಮನೆಯ ಮೇಲಿನ ಎರಡನೆಯ ಸಾಲಗಳಿಗೂ ವಿಸ್ತರಿಸಿತು. ವಂಚನೆ ಮಾಡಿದವರಿಗೆ, ಬೇಕೆಂದೇ ಮನೆಯನ್ನು ಹಾಳುಗೆಡವಿದವರಿಗೆ, ಕಂಪನಿಯ ಹೆಸರಿನಲ್ಲಿ ಸಾಲ ಪಡೆದವರಿಗೆ ಅದು ಸಿಗುವುದಿಲ್ಲ. ಬೇರೆ ಹಲವು ರಾಜ್ಯಗಳಲ್ಲಿ ಇಷ್ಟು ಬಲವಾದ ರಕ್ಷಣೆ ಇಲ್ಲ. ಅಲ್ಲಿ ಬೇಡಿಕೆ ಇಡುವುದು ಕಾನೂನಿಗೆ ವಿರುದ್ಧವಲ್ಲ, ಅದನ್ನು ನಿರಾಕರಿಸುವುದೂ ನಿಮ್ಮ ಹಕ್ಕೇ.

ಕಾನೂನಿನ ಆಶ್ರಯವಿಲ್ಲದ ಕಡೆ ಮೊದಲ ಮೊತ್ತಕ್ಕೆ ಹೂಂ ಎನ್ನಬೇಡಿ. ಕಂಪನಿ ನಿಮ್ಮ ಆದಾಯ, ಉಳಿತಾಯ, ಉದ್ಯೋಗದ ಸ್ಥಿತಿ ನೋಡಿ ಒಂದು ಅಂಕಿಯನ್ನು ಹೇಳಿರುತ್ತದೆ. ಆ ಅಂಕಿಯ ಹಿಂದೆ ನಿಮ್ಮ ಮೂರು ತಿಂಗಳ ಹಳೆಯ ಸಂಬಳದ ಚೀಟಿ ಇರಬಹುದು. ಇಂದಿನ ಆದಾಯ, ವೈದ್ಯಕೀಯ ಖರ್ಚು, ಹೊಸ ಬಾಡಿಗೆ ಇವುಗಳನ್ನೆಲ್ಲ ದಾಖಲೆ ಸಮೇತ ಬರೆದು, ನೀವು ನಿಜವಾಗಿ ಕೊಡಬಲ್ಲ ಮೊತ್ತವನ್ನು ನೀವೇ ಪ್ರಸ್ತಾಪಿಸಿ. ಮೇಲಿನ ಮೊದಲ ಸನ್ನಿವೇಶದಂತಿದ್ದರೆ ಈ ಮಾರಾಟದಿಂದ ಕಂಪನಿಗೆ ಉಳಿಯುವ ಹಣದ ಲೆಕ್ಕವನ್ನೂ ಜೊತೆಗಿಡಿ. ಎರಡನೆಯದರಂತಿದ್ದರೆ ಒತ್ತಡ ಹಾಕಬೇಕಾದದ್ದು ಸಾಲದ ಒಡೆಯರ ಮೇಲೆ: ಮಾರಾಟದಿಂದ ಹೆಚ್ಚು ಲಾಭ ಅವರದ್ದೇ ಆಗಿರುವಾಗ ಕ್ಲೇಮಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟು ವಿಮಾ ಕಂಪನಿಯನ್ನು ಒಪ್ಪಿಸಿ ಎಂದು ಸರ್ವೀಸರ್ ಮೂಲಕ ಬರೆದು ಕೇಳಬಹುದು.

ನಗದು ಮತ್ತು ನೋಟ್ ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ, ನನ್ನ ಅಭಿಪ್ರಾಯದಲ್ಲಿ ಸಣ್ಣ ನಗದು ದೊಡ್ಡ ನೋಟಿಗಿಂತ ಮೇಲು. ಅಂದೇ ಮುಗಿಯುವ ಋಣ ಅದು. ನೋಟೇ ಅನಿವಾರ್ಯವಾದರೆ ಬಡ್ಡಿ ಇಲ್ಲದಿರುವುದು, ಯಾವ ಆಸ್ತಿಯ ಮೇಲೂ ಹಕ್ಕು ಹೇಳದಿರುವುದು, ಕಂತು ನಿಮ್ಮ ತಿಂಗಳ ಉಳಿಕೆಗೆ ಹೊಂದುವುದು, ಇವನ್ನು ಗಮನಿಸಿ. ನಿವೃತ್ತಿಗೆಂದು ಇಟ್ಟ 401-ಕೆ ಖಾತೆಯನ್ನು ಒಡೆದು ಕೊಡುತ್ತೇನೆಂದು ಎಂದೂ ಮುಂದಾಗಬೇಡಿ. ಸಾಲಗಾರರ ಆ ಹಣವನ್ನು ಸಾಮಾನ್ಯ ಸಾಲದಾತರು ಮುಟ್ಟದಂತೆ ಫೆಡರಲ್ ಕಾನೂನೇ ಕಾಯುತ್ತದೆ, ವಯಸ್ಸಿಗೆ ಮುನ್ನ ತೆಗೆದರೆ ತೆರಿಗೆಯ ಜೊತೆಗೆ ಸಾಮಾನ್ಯವಾಗಿ ಶೇ. 10 ದಂಡವೂ ಬೀಳುತ್ತದೆ. ಏಜೆಂಟರೋ ಕೊಳ್ಳುವವರೋ ನಿಮ್ಮ ಪರವಾಗಿ ಸ್ವಲ್ಪ ಹಣ ಹಾಕುವುದಾದರೆ ಎಲ್ಲರ ಒಪ್ಪಿಗೆಯೊಂದಿಗೆ ಅದು ಮಾರಾಟದ ಜಮಾಖರ್ಚನ್ನು ತೋರಿಸುವ ಸೆಟಲ್‌ಮೆಂಟ್ ಲೆಕ್ಕಪತ್ರದಲ್ಲಿ ಕಾಣಿಸಲೇಬೇಕು.

ಅರ್ಜಿಯ ಕಡತದಲ್ಲಿ ಏನೇನು ಇರಬೇಕು? ಬೆಂಗಳೂರಿನಲ್ಲಿರುವ ಸೈಟನ್ನು ತೋರಿಸಬೇಕೇ?

ಕಷ್ಟದ ಕಾರಣವನ್ನು ಹೇಳುವ ಪತ್ರ, ಆದಾಯ ಮತ್ತು ಖರ್ಚಿನ ವಿವರ, ಇತ್ತೀಚಿನ ಸಂಬಳದ ಚೀಟಿಗಳು, ಬ್ಯಾಂಕ್ ಲೆಕ್ಕಪತ್ರಗಳು, ಹಿಂದಿನ ತೆರಿಗೆ ವಿವರಗಳು, ಏಜೆಂಟರೊಂದಿಗಿನ ಕರಾರು, ಕೊಳ್ಳುವವರ ಸಹಿಯುಳ್ಳ ಕರಾರು, ಅವರ ಬಳಿ ಹಣವಿದೆ ಎಂಬುದಕ್ಕೆ ಸಾಕ್ಷಿ, ಸಾಲದಾತರ ಕೈಗೆ ನಿವ್ವಳ ಎಷ್ಟು ಬರುತ್ತದೆ ಎಂಬ ಅಂದಾಜು ಲೆಕ್ಕ. ಇದನ್ನೆಲ್ಲ ಒಂದೇ ಕಂತಿನಲ್ಲಿ, ಪ್ರತಿ ಪುಟದ ಮೇಲೆ ಸಾಲದ ಸಂಖ್ಯೆ ಬರೆದು ಕಳಿಸಿ. ಪತ್ರ ಒಂದು ಪುಟ ಮೀರದಿರಲಿ. ಏನಾಯಿತು, ಯಾವಾಗ ಆಯಿತು, ಅದು ಬೇಗ ಸರಿಹೋಗುವಂಥದಲ್ಲ ಏಕೆ, ಇಷ್ಟು ಸಾಕು. ಎಚ್-1ಬಿ ವೀಸಾದಲ್ಲಿದ್ದು ಕೆಲಸ ಕಳೆದುಕೊಂಡವರಿಗೆ ಹೊಸ ಉದ್ಯೋಗದಾತರು ಸಿಗಲು ಹೆಚ್ಚೆಂದರೆ 60 ದಿನಗಳ ಅವಕಾಶವಿರುತ್ತದೆ. ಇದು ಬಲವಾದ ಕಾರಣ, ಆದರೆ ಸರ್ವೀಸರ್ ಕಚೇರಿಯ ಸಿಬ್ಬಂದಿಗೆ ವೀಸಾ ನಿಯಮ ಗೊತ್ತಿರುತ್ತದೆ ಎಂದು ಭಾವಿಸದೆ ಎರಡು ವಾಕ್ಯಗಳಲ್ಲಿ ವಿವರಿಸಬೇಕು.

ಬೆಂಗಳೂರಿನ ಸೈಟು, ಊರಿನ ತೋಟದಲ್ಲಿ ನಿಮ್ಮ ಹೆಸರಿಗಿರುವ ಪಾಲು, ಎನ್‌ಆರ್‌ಇ ಠೇವಣಿ, ಇವೆಲ್ಲವನ್ನೂ ಎಲ್ಲ ಆಸ್ತಿಗಳನ್ನು ಕೇಳುವ ನಮೂನೆಯಲ್ಲಿ ತೋರಿಸಲೇಬೇಕು. ಭಾರತದಲ್ಲಿರುವುದು ಇವರಿಗೆ ಹೇಗೆ ಗೊತ್ತಾಗುತ್ತದೆ ಎಂಬ ಮಾತು ನಮ್ಮವರ ನಡುವೆ ಆಗಾಗ ಕೇಳಿಬರುತ್ತದೆ. ಅದು ಅಪಾಯದ ಮಾತು. ಸಾಲದ ವಿಷಯದಲ್ಲಿ ತಿಳಿದೂ ಸುಳ್ಳು ಹೇಳಿಕೆ ಕೊಡುವುದಕ್ಕೆ ಫೆಡರಲ್ ಕಾನೂನಿನಲ್ಲಿ 30 ವರ್ಷಗಳವರೆಗೆ ಸೆರೆ ಮತ್ತು 10 ಲಕ್ಷ ಡಾಲರ್‌ವರೆಗೆ ದಂಡವಿದೆ. ಅಷ್ಟು ದೂರ ಹೋಗದಿದ್ದರೂ, ಸುಳ್ಳು ಹೇಳಿ ಪಡೆದ ಮನ್ನಾ ನಿಲ್ಲುವುದಿಲ್ಲ. ತೋರಿಸಿದ ಆಸ್ತಿಯ ಬಗ್ಗೆ ವಾದಿಸಲು ಸಾಧ್ಯ: ಅಣ್ಣತಮ್ಮಂದಿರ ನಡುವೆ ಭಾಗವಾಗದ ಜಮೀನನ್ನು ತಕ್ಷಣ ಮಾರಲಾಗದು ಎಂಬುದನ್ನು ಪಹಣಿಯ ಪ್ರತಿ, ಅದರ ಇಂಗ್ಲಿಷ್ ಅನುವಾದದೊಂದಿಗೆ ವಿವರಿಸಿದರೆ ಅದಕ್ಕೆ ಬೆಲೆ ಬರುತ್ತದೆ. ಅಡಗಿಸಿಟ್ಟದ್ದಕ್ಕೆ ವಿವರಣೆ ಇರುವುದಿಲ್ಲ.

ಕಂತು ಕಟ್ಟುವುದನ್ನು ನಿಲ್ಲಿಸಿದರೆ ಮಾತ್ರ ಬ್ಯಾಂಕ್ ಕಿವಿಗೊಡುತ್ತದೆಯಂತೆ, ನಿಜವೇ?

ನಿಯಮವಾಗಿ ನಿಜವಲ್ಲ. ಕಂತು ತಪ್ಪುವುದು ಸನ್ನಿಹಿತವಾಗಿದೆ ಎಂದು ದಾಖಲೆಗಳಿಂದ ತೋರಿಸಿದರೆ ಪರಿಶೀಲಿಸುವ ಇನ್ವೆಸ್ಟರ್‌ಗಳಿದ್ದಾರೆ. ಬೇಕೆಂದೇ ಕಂತು ನಿಲ್ಲಿಸಿದವರ ಮೇಲೆ ವಿಮಾ ಕಂಪನಿಯ ಕಣ್ಣು ಇನ್ನೂ ಕೆಂಪಾಗುತ್ತದೆ.

ಅರ್ಜಿ ಹಾಕಿದ್ದೇನೆ, ಆದರೂ ಫೋರ್‌ಕ್ಲೋಷರ್ ನೋಟಿಸ್ ಬರುತ್ತಿದೆ. ಇದು ಸರಿಯೇ?

2014ರ ಜನವರಿ 10ರಿಂದ ಜಾರಿಯಲ್ಲಿರುವ ಫೆಡರಲ್ ನಿಯಮಗಳು ಇಲ್ಲಿ ನಿಮ್ಮ ನೆರವಿಗಿವೆ. ಅವು ಮುಖ್ಯವಾಗಿ ನೀವು ವಾಸವಿರುವ ಮನೆಗೆ ಅನ್ವಯ, ಸಣ್ಣ ಸರ್ವೀಸರ್‌ಗಳಿಗೆ ಕೆಲವು ವಿನಾಯಿತಿಗಳಿವೆ. ಸಾಮಾನ್ಯವಾಗಿ ಕಂತು ತಪ್ಪಿ 120 ದಿನ ಮೀರುವವರೆಗೆ ಫೋರ್‌ಕ್ಲೋಷರ್‌ನ ಮೊದಲ ಹೆಜ್ಜೆ ಇಡುವಂತಿಲ್ಲ. ಹರಾಜಿನ ದಿನಕ್ಕೆ 37 ದಿನಗಳಿಗಿಂತ ಮುಂಚೆ ಪೂರ್ಣ ಅರ್ಜಿ ತಲುಪಿದ್ದರೆ 30 ದಿನಗಳೊಳಗೆ ಅದನ್ನು ಪರಿಶೀಲಿಸಬೇಕು, ಉತ್ತರ ಕೊಡುವ ಮುನ್ನ ಹರಾಜು ನಡೆಸುವಂತಿಲ್ಲ. ಇಡೀ ರಕ್ಷಣೆ ನಿಂತಿರುವುದು ಪೂರ್ಣ ಎಂಬ ಒಂದು ಪದದ ಮೇಲೆ. ಒಂದು ಹಾಳೆ ಕಡಿಮೆಯಿದ್ದರೂ ಗಡಿಯಾರ ಓಡುವುದಿಲ್ಲ. ಆದ್ದರಿಂದ ಕಡತ ಪೂರ್ಣವಾಗಿದೆ ಎಂಬ ಪತ್ರವನ್ನು ಕೇಳಿ ಪಡೆಯಿರಿ. ಈ ನಿಯಮಗಳಡಿ ಮೇಲ್ಮನವಿಯ ಅವಕಾಶ ಇರುವುದು ಸಾಲದ ಷರತ್ತು ಬದಲಾವಣೆ ನಿರಾಕರಿಸಿದಾಗ. ಶಾರ್ಟ್ ಸೇಲ್ ನಿರಾಕರಣೆಗೆ ಅದು ಅನ್ವಯಿಸುವುದಿಲ್ಲ.

ಸಾಲದಾತರು ಹೇಳುವ ಬೆಲೆ ಮಾರುಕಟ್ಟೆಗಿಂತ ತುಂಬ ಹೆಚ್ಚಾಗಿದೆ. ಏನು ಮಾಡಬೇಕು?

ಆ ಬೆಲೆ ಹೆಚ್ಚಾಗಿ ಸ್ಥಳೀಯ ಬ್ರೋಕರ್ ಒಬ್ಬರ ಅಂದಾಜಿನಿಂದ ಬಂದಿರುತ್ತದೆ. ಬಿಪಿಒ ಎಂದು ಅದನ್ನು ಕರೆಯುತ್ತಾರೆ. ಕೆಲವೊಮ್ಮೆ ಅವರು ಮನೆಯ ಒಳಗೆ ಕಾಲಿಡದೆ ರಸ್ತೆಯಿಂದಲೇ ನೋಡಿ ಹೋಗಿರುತ್ತಾರೆ. ಅಂದಾಜು ಮಾಡಲು ಬಂದ ದಿನ ನಿಮ್ಮ ಏಜೆಂಟ್ ಖುದ್ದಾಗಿ ಹಾಜರಿದ್ದು ಸೋರುವ ಛಾವಣಿ, ಬಿರುಕು ಬಿಟ್ಟ ಅಡಿಪಾಯ, ರಿಪೇರಿಗೆ ಗುತ್ತಿಗೆದಾರರು ಕೊಟ್ಟ ದರಪಟ್ಟಿ, ಅಕ್ಕಪಕ್ಕದಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳ ಬೆಲೆ, ಇವನ್ನು ಕೈಗೆ ಕೊಡಬೇಕು. ಬೆಲೆ ನಿಗದಿಯಾದ ಮೇಲೆ ವಾದಿಸುವುದಕ್ಕಿಂತ ಆ ಒಂದು ಗಂಟೆ ಬಹಳ ಬೆಲೆಬಾಳುತ್ತದೆ. ವಿಮಾ ಕಂಪನಿ ತನ್ನದೇ ಬೇರೆ ಅಂದಾಜನ್ನು ತರಿಸಿಕೊಳ್ಳುವುದೂ ಉಂಟು. ಹಾಗಿದ್ದರೆ ಎರಡೂ ಕಡೆಗೆ ಒಂದೇ ದಾಖಲೆಗಳು ಹೋಗುವಂತೆ ನೋಡಿಕೊಳ್ಳಿ.

ನನ್ನ ಮನೆಯ ಮೇಲೆ ಎರಡನೆಯ ಸಾಲವೂ ಇದೆ. ಅವರಿಗೆ ಏನೂ ಸಿಗದಿರುವಾಗ ಅವರೇಕೆ ಒಪ್ಪಬೇಕು?

ಒಪ್ಪದಿದ್ದರೆ ಫೋರ್‌ಕ್ಲೋಷರ್‌ನಲ್ಲಿ ಅವರಿಗೆ ಸೊನ್ನೆ ಸಿಗುತ್ತದೆ ಎಂಬುದೇ ನಿಮ್ಮ ವಾದ. ಆದರೂ ಅವರ ಸಹಿಯಿಲ್ಲದೆ ಮನೆಯ ಹಕ್ಕು ಶುದ್ಧವಾಗುವುದಿಲ್ಲವಾದ್ದರಿಂದ ಬಾಗಿಲಲ್ಲಿ ಕುಳಿತವರ ಬಲ ಅವರಿಗಿದೆ. ಮೊದಲ ಸಾಲದಾತರು ಮಾರಾಟದ ಹಣದಲ್ಲಿ ಅವರಿಗೆ ಎಷ್ಟು ಬಿಡುತ್ತಾರೆ ಎಂಬುದಕ್ಕೆ ಮಿತಿ ಇರುತ್ತದೆ. ಫ್ಯಾನಿ ಮೇ ಮತ್ತು ಫ್ರೆಡಿ ಮ್ಯಾಕ್ ಸಾಲಗಳಿಗೆ 2012ರ ನವೆಂಬರ್‌ನಿಂದ ಬಂದ ಏಕರೂಪ ಶಾರ್ಟ್ ಸೇಲ್ ಕ್ರಮದಲ್ಲಿ ಈ ಮಿತಿಯನ್ನು 6 ಸಾವಿರ ಡಾಲರ್‌ಗೆ ನಿಗದಿಪಡಿಸಲಾಯಿತು. ಎರಡನೆಯವರು ಅದಕ್ಕಿಂತ ಹೆಚ್ಚು ಕೇಳಿ, ಉಳಿದದ್ದನ್ನು ಕ್ಲೋಸಿಂಗ್‌ನ (ಮಾರಾಟ ಅಂತಿಮಗೊಳ್ಳುವ ವ್ಯವಹಾರದ) ಹೊರಗೆ ಕೊಡಿ ಎಂದರೆ ಅಲ್ಲಿಗೇ ನಿಲ್ಲಿ. ಲೆಕ್ಕಪತ್ರದಲ್ಲಿ ಕಾಣದ ಪಾವತಿ ಮೊದಲ ಸಾಲದಾತರಿಗೂ ವಿಮಾ ಕಂಪನಿಗೂ ಮಾಡುವ ವಂಚನೆ, ಅದಕ್ಕೆ ಸಹಿ ಹಾಕಿದವರು ನೀವಾಗಿರುತ್ತೀರಿ.

ನನ್ನದು ಎಫ್‌ಎಚ್‌ಎ ಸಾಲ. ಅಲ್ಲಿಯೂ ಇದೇ ಕಥೆಯೇ?

ಎಫ್‌ಎಚ್‌ಎ ಎಂದರೆ ಫೆಡರಲ್ ವಸತಿ ಆಡಳಿತ. ಅಲ್ಲಿ ವಿಮೆ ಕೊಡುವುದು ಸರ್ಕಾರ, ಆದ್ದರಿಂದ ಚೌಕಾಸಿಗೆ ಜಾಗ ಕಡಿಮೆ, ನಿಯಮಕ್ಕೆ ಜಾಗ ಹೆಚ್ಚು. ಪ್ರೀ-ಫೋರ್‌ಕ್ಲೋಷರ್ ಸೇಲ್ ಎಂಬ ಹೆಸರಿನ ಈ ಕ್ರಮದಲ್ಲಿ ಮನೆಯನ್ನು ಮಾರಾಟಕ್ಕಿಟ್ಟ ಮೊದಲ 30 ದಿನ ಅಂದಾಜು ಬೆಲೆಯ ಶೇ. 88, ನಂತರದ 30 ದಿನ ಶೇ. 86, ಆಮೇಲೆ ಶೇ. 84ರಷ್ಟು ನಿವ್ವಳ ಹಣ ಬರಬೇಕೆಂಬ ಮೆಟ್ಟಿಲುಗಳಿವೆ. ಪ್ರಾಮಾಣಿಕವಾಗಿ ನಡೆದುಕೊಂಡ ಸಾಲಗಾರರನ್ನು ಉಳಿದ ಬಾಕಿಗಾಗಿ ಹಿಂಬಾಲಿಸುವುದಿಲ್ಲ. ಮಾಜಿ ಸೈನಿಕರ ವಿಎ ಸಾಲಗಳಲ್ಲಿ ಇದನ್ನು ಕಾಂಪ್ರಮೈಸ್ ಸೇಲ್ ಎನ್ನುತ್ತಾರೆ.

ಒಪ್ಪಿಗೆ ಪತ್ರ ಬಂದಿದೆ. ಸಹಿ ಹಾಕುವ ಮುನ್ನ ಏನನ್ನು ಓದಬೇಕು?

ಮೊದಲು ಕ್ರಿಯಾಪದಗಳನ್ನು ಓದಿ. ಮನೆಯ ಮೇಲಿನ ಹಕ್ಕನ್ನು ಬಿಡುತ್ತೇವೆ ಎಂದಷ್ಟೇ ಇದ್ದರೆ ಉಳಿದ ಸಾಲ ಜೀವಂತವಾಗಿದೆ. ಸಾಲ ಪೂರ್ಣವಾಗಿ ತೀರಿತೆಂದು ಪರಿಗಣಿಸುತ್ತೇವೆ, ಕೊರತೆಯ ಬಾಕಿಯನ್ನು ವಸೂಲು ಮಾಡುವ ಹಕ್ಕನ್ನು ತ್ಯಜಿಸುತ್ತೇವೆ ಎಂಬ ಅರ್ಥದ ಸ್ಪಷ್ಟ ವಾಕ್ಯ ಬೇಕು. ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇವೆ ಎಂಬ ಮಾತು ಎಲ್ಲಾದರೂ ನುಸುಳಿದ್ದರೆ ಅದನ್ನು ತೆಗೆಸಿ. ಈ ತ್ಯಾಗ ಸರ್ವೀಸರ್ ಒಬ್ಬರದ್ದೇ ಆಗಿರದೆ ಸಾಲದ ಒಡೆಯರು, ವಿಮಾ ಕಂಪನಿ, ಮುಂದೆ ಈ ಸಾಲದ ಹಕ್ಕು ಯಾರ ಕೈ ಸೇರುತ್ತದೋ ಅವರು, ಎಲ್ಲರಿಗೂ ಅನ್ವಯಿಸಬೇಕು. ವಿಮಾ ಕಂಪನಿಯ ಹೆಸರು ಪತ್ರದಲ್ಲಿ ಇಲ್ಲದಿದ್ದರೆ ಅವರಿಂದ ಪ್ರತ್ಯೇಕ ಪತ್ರ ಕೇಳಿ. ಆಮೇಲೆ ಅಂಕಿಗಳು: ನಿವ್ವಳ ಮೊತ್ತ, ಒಪ್ಪಿದ ಕಮಿಷನ್, ನಿಮ್ಮ ಪಾಲಿನ ಹಣ, ಪತ್ರದ ಅವಧಿ ಮುಗಿಯುವ ದಿನ. ಕ್ಲೋಸಿಂಗ್ ಆ ದಿನವನ್ನು ದಾಟಿದರೆ ಒಪ್ಪಿಗೆ ಬಿದ್ದುಹೋಗುತ್ತದೆ. ಒಬ್ಬರು ಅವಧಿ ವಿಸ್ತರಿಸಿ ಇನ್ನೊಬ್ಬರು ವಿಸ್ತರಿಸದೆ ಇಡೀ ವ್ಯವಹಾರ ಮುರಿದು ಬೀಳುವುದು ಎರಡು ಸಾಲಗಳಿರುವಲ್ಲಿ ಸಾಮಾನ್ಯ.

ಪರಿಚಯದ ಕನ್ನಡದ ಮನೆಯವರೊಬ್ಬರಿಗೆ ಮಾರಿ, ಅಲ್ಲೇ ಬಾಡಿಗೆಗೆ ಇದ್ದು, ಎರಡು ವರ್ಷದ ನಂತರ ಮರಳಿ ಕೊಳ್ಳಬಹುದೇ?

ಬಂಧುಗಳಲ್ಲದವರ, ಒಳ ಒಪ್ಪಂದವಿಲ್ಲದವರ ನಡುವಿನ ಮಾರಾಟವೆಂದು ಮಾರುವವರು, ಕೊಳ್ಳುವವರು, ಏಜೆಂಟರು ಎಲ್ಲರೂ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ. ಬಾಡಿಗೆಗೆ ಉಳಿಯುವ, ಮರಳಿ ಕೊಳ್ಳುವ ಗುಟ್ಟಿನ ಮಾತು ಇದ್ದರೆ ಆ ಸಹಿ ಸುಳ್ಳಾಗುತ್ತದೆ. ಕೊಂಡವರ ಮೇಲೂ ಕಟ್ಟು ಇದೆ: ಫ್ಯಾನಿ ಮೇ, ಫ್ರೆಡಿ ಮ್ಯಾಕ್ ಕ್ರಮದಲ್ಲಿ 30 ದಿನ ಮರುಮಾರಾಟವಿಲ್ಲ, 90 ದಿನಗಳವರೆಗೆ ಕೊಂಡ ಬೆಲೆಯ ಶೇ. 120 ಮೀರಿ ಮಾರುವಂತಿಲ್ಲ ಎಂಬ ಷರತ್ತನ್ನು ಸೇರಿಸಲಾಗಿದೆ.

ಮಾತುಕತೆ ನಡೆಸಿಕೊಡುವುದಾಗಿ ಒಂದು ಸಂಸ್ಥೆ ಮುಂಗಡ ಹಣ ಕೇಳುತ್ತಿದೆ.

ಕೊಡಬೇಡಿ. ಸಾಲದಾತರಿಂದ ಲಿಖಿತ ಪ್ರಸ್ತಾಪ ಬಂದು ಅದನ್ನು ನೀವು ಒಪ್ಪುವವರೆಗೆ ಇಂಥ ಸಂಸ್ಥೆಗಳು ಹಣ ಪಡೆಯುವುದನ್ನು 2011ರಿಂದ ಫೆಡರಲ್ ನಿಯಮ ನಿಷೇಧಿಸಿದೆ. ವಕೀಲರಿಗೆ ಮಾತ್ರ ಷರತ್ತುಬದ್ಧ ವಿನಾಯಿತಿ ಇದೆ. ವಸತಿ ಇಲಾಖೆಯ ಮಾನ್ಯತೆ ಪಡೆದ ಸಲಹಾಗಾರರು ಫೋರ್‌ಕ್ಲೋಷರ್ ತಪ್ಪಿಸುವ ಸಲಹೆಯನ್ನು ಉಚಿತವಾಗಿ ಕೊಡುತ್ತಾರೆ.

ಮನ್ನಾ ಆದ ಸಾಲಕ್ಕೆ ತೆರಿಗೆ ಕಟ್ಟಬೇಕೇ?

ಮನ್ನಾ ಆದ ಮೊತ್ತವನ್ನು ಸಾಲದಾತರು 1099-ಸಿ ನಮೂನೆಯಲ್ಲಿ ತೆರಿಗೆ ಇಲಾಖೆಗೆ ತಿಳಿಸುತ್ತಾರೆ, ಇಲಾಖೆ ಅದನ್ನು ಆದಾಯವೆಂದು ಎಣಿಸುತ್ತದೆ. ನೀವು ನೋಟ್ ಬರೆದುಕೊಟ್ಟ ಮೊತ್ತ ಮನ್ನಾ ಆದದ್ದಲ್ಲ. ನಮೂನೆಯಲ್ಲಿ ಅದೂ ಸೇರಿಹೋಗಿದ್ದರೆ ತಿದ್ದಿಸಿ. ವಾಸದ ಮನೆಯ ಸಾಲಕ್ಕೆ 2007ರ ಕಾಯ್ದೆ ತಂದ ವಿನಾಯಿತಿ ಮೊದಲು 20 ಲಕ್ಷ ಡಾಲರ್‌ವರೆಗೆ ಇತ್ತು, 2021ರಿಂದ 7 ಲಕ್ಷ 50 ಸಾವಿರಕ್ಕೆ ಇಳಿಯಿತು. ಆಗ ಬರೆದ ಗಡುವಿನಂತೆ 2026ರ ಜನವರಿ 1ಕ್ಕೆ ಮುನ್ನ ಆದ, ಅಥವಾ ಅದಕ್ಕೆ ಮುನ್ನ ಲಿಖಿತ ಒಪ್ಪಂದವಾದ ಮನ್ನಾಗಳಿಗೆ ಅದು ಅನ್ವಯ. ಆ ನಂತರದ ಮನ್ನಾಗಳಿಗೆ ಸಂಸತ್ತು ಗಡುವನ್ನು ವಿಸ್ತರಿಸಿದೆಯೇ ಎಂದು ತೆರಿಗೆ ಸಲಹೆಗಾರರಲ್ಲಿ ಖಚಿತಪಡಿಸಿಕೊಳ್ಳಿ.

ಗಡುವಿನ ಹಂಗಿಲ್ಲದ ಇನ್ನೊಂದು ದಾರಿ ದಿವಾಳಿ ಸ್ಥಿತಿಯದ್ದು. ಮನ್ನಾಕ್ಕೆ ಮುನ್ನ ನಿಮ್ಮ ಒಟ್ಟು ಸಾಲ 5 ಲಕ್ಷ, ಒಟ್ಟು ಆಸ್ತಿ 4 ಲಕ್ಷ 60 ಸಾವಿರ ಇದ್ದರೆ ನೀವು 40 ಸಾವಿರದಷ್ಟು ದಿವಾಳಿ. 80 ಸಾವಿರ ಮನ್ನಾ ಆಗಿದ್ದರೆ ಅದರಲ್ಲಿ 40 ಸಾವಿರಕ್ಕೆ ತೆರಿಗೆ ಇಲ್ಲ. 982 ಸಂಖ್ಯೆಯ ನಮೂನೆಯಲ್ಲಿ ಇದನ್ನು ತೋರಿಸಬೇಕು. ಆಸ್ತಿಯ ಲೆಕ್ಕಕ್ಕೆ ನಿವೃತ್ತಿ ಖಾತೆ, ಊರಿನ ಭವಿಷ್ಯನಿಧಿ, ಮೈಸೂರಿನ ಫ್ಲ್ಯಾಟು ಎಲ್ಲವೂ ಸೇರುತ್ತವೆ.

ನಾವು ಕರ್ನಾಟಕಕ್ಕೆ ಮರಳಿ ಬಂದಿದ್ದೇವೆ. ಅಲ್ಲಿನ ಮನೆಯನ್ನು ಇಲ್ಲಿಂದಲೇ ಶಾರ್ಟ್ ಸೇಲ್ ಮಾಡಬಹುದೇ?

ಮಾಡಬಹುದು, ಎರಡು ಗಂಟುಗಳನ್ನು ಮೊದಲೇ ಬಿಡಿಸಿಕೊಂಡರೆ. ಒಂದು, ಮುಖ್ತಿಯಾರುಪತ್ರ. ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಸಮಯ ಪಡೆದು ಸಹಿ ಮಾಡಬಹುದು, ಅಥವಾ ಇಲ್ಲಿನ ನೋಟರಿಯ ಮುಂದೆ ಸಹಿ ಮಾಡಿ ವಿದೇಶಾಂಗ ಸಚಿವಾಲಯದಿಂದ ಅಪೊಸ್ಟಿಲ್ ಮುದ್ರೆ ಹಾಕಿಸಬಹುದು. ಈ ಮುದ್ರೆಯನ್ನು ಪರಸ್ಪರ ಒಪ್ಪುವ ದೇಶಗಳ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ಯಾವುದನ್ನು ಒಪ್ಪುತ್ತಾರೆ ಎಂದು ಮನೆಯ ಹಕ್ಕುಪತ್ರ ಪರಿಶೀಲಿಸುವ ಟೈಟಲ್ ಕಂಪನಿಯನ್ನೂ ಸರ್ವೀಸರ್ ಅನ್ನೂ ಮುಂಚೆಯೇ ಕೇಳಿ, ಕರಡನ್ನು ಅವರಿಂದಲೇ ತರಿಸಿಕೊಳ್ಳಿ.

ಎರಡನೆಯ ಗಂಟು ಇನ್ನೂ ಬಿಗಿ. ಅಮೆರಿಕದ ತೆರಿಗೆಯ ದೃಷ್ಟಿಯಲ್ಲಿ ನೀವು ಅನಿವಾಸಿ ವಿದೇಶಿಯಾಗಿದ್ದರೆ ಫಿರ್‌ಪ್ಟಾ ಕಾನೂನಿನಡಿ ಕೊಳ್ಳುವವರು ಮಾರಾಟದ ಪೂರ್ತಿ ಬೆಲೆಯ ಶೇ. 15ನ್ನು ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು. ಕೊಳ್ಳುವವರು ತಾವೇ ವಾಸಿಸುವುದಾದರೆ, ಬೆಲೆ 3 ಲಕ್ಷ ಡಾಲರ್ ಮೀರದಿದ್ದರೆ ಏನೂ ಹಿಡಿಯಬೇಕಿಲ್ಲ, 10 ಲಕ್ಷದವರೆಗೆ ಶೇ. 10 ಸಾಕು. ಶಾರ್ಟ್ ಸೇಲ್‌ನಲ್ಲಿ ನಿಮ್ಮ ಕೈಗೆ ಬಿಡಿಗಾಸೂ ಬರುವುದಿಲ್ಲ, ಸಾಲದಾತರು ತಮ್ಮ ಪಾಲಿನಿಂದ ಇದನ್ನು ಬಿಡಲು ಒಪ್ಪುವುದೂ ಕಷ್ಟ. 3 ಲಕ್ಷ 50 ಸಾವಿರದ ಮನೆಯನ್ನು ಬಾಡಿಗೆಗೆ ಕೊಡಲೆಂದು ಕೊಳ್ಳುವವರಿಗೆ ಮಾರಿದರೆ 52,500 ಡಾಲರ್‌ನ ಪ್ರಶ್ನೆ ಇದು. ಲಾಭವಿಲ್ಲದ ಮಾರಾಟವೆಂದು ತೋರಿಸಿ ಕಡಿತವನ್ನು ಇಳಿಸುವ ಪ್ರಮಾಣಪತ್ರಕ್ಕೆ 8288-ಬಿ ನಮೂನೆಯಲ್ಲಿ ಕ್ಲೋಸಿಂಗ್ ದಿನದೊಳಗೆ ಅರ್ಜಿ ಹಾಕಬೇಕು, ಉತ್ತರಕ್ಕೆ ಸಾಮಾನ್ಯವಾಗಿ 90 ದಿನಗಳವರೆಗೆ ಕಾಯಬೇಕು. ಈ ಅರ್ಜಿಯ ಪ್ರತಿಯನ್ನು ಸಾಲದಾತರ ಕಡತಕ್ಕೂ ಸೇರಿಸಿ. ಇಲ್ಲದಿದ್ದರೆ ಅವರ ನಿವ್ವಳ ಲೆಕ್ಕ ಕೊನೆಯ ವಾರದಲ್ಲಿ ಏರುಪೇರಾಗಿ, ವಿಮಾ ಕಂಪನಿಯ ಒಪ್ಪಿಗೆಯನ್ನು ಮತ್ತೆ ಮೊದಲಿನಿಂದ ಕೇಳಬೇಕಾಗುತ್ತದೆ.

ಮತ್ತೆ ಮನೆ ಸಾಲ ಸಿಗಲು ಎಷ್ಟು ವರ್ಷ ಕಾಯಬೇಕು?

ಫ್ಯಾನಿ ಮೇ ನಿಯಮದಂತೆ ಶಾರ್ಟ್ ಸೇಲ್ ಆದ ಮೇಲೆ 4 ವರ್ಷ, ನಿಮ್ಮ ಹಿಡಿತಕ್ಕೆ ಮೀರಿದ ಕಾರಣವಿತ್ತೆಂದು ದಾಖಲೆಯಿಂದ ತೋರಿಸಿದರೆ 2 ವರ್ಷ; ಫೋರ್‌ಕ್ಲೋಷರ್ ಆಗಿದ್ದರೆ 7 ವರ್ಷ. ಎಫ್‌ಎಚ್‌ಎ ಸಾಲಕ್ಕೆ ಸಾಮಾನ್ಯವಾಗಿ 3 ವರ್ಷ. ಹೊಸ ಸಾಲದಲ್ಲಿ ಮುಂಗಡ ಶೇ. 20ಕ್ಕಿಂತ ಕಡಿಮೆಯಿದ್ದರೆ ಅಡಮಾನ ವಿಮಾ ಕಂಪನಿಯೂ ಅರ್ಜಿಯನ್ನು ನೋಡುತ್ತದೆ, ಅದು ಹಳೆಯ ನಷ್ಟ ಭರಿಸಿದ ಕಂಪನಿಯೇ ಆಗಿರಬಹುದು. ಹಾಗಾಗಿ ಒಪ್ಪಿಗೆ ಪತ್ರ, ಸೆಟಲ್‌ಮೆಂಟ್ ಲೆಕ್ಕಪತ್ರ ಮತ್ತು ಕಷ್ಟದ ಪತ್ರದ ಪ್ರತಿಗಳನ್ನು ಎಸೆಯದೆ ಇಟ್ಟುಕೊಳ್ಳಿ.